‘ಏನೂ ಮಾಡಲ್ಲ ಬಿಡ್ರಿ’ ಅನ್ನೋರಿಗೊಂದು ಬೇಲಿ

ನಮಸ್ಕಾರ. ಇವತ್ತಿನ ವಿಷಯ ಕೇಳಿ ಅರ್ಧ ಜನ ನಗ್ತೀರಿ, ಇನ್ನರ್ಧ ಜನ ಬೈತೀರಿ. ನಗೋರು ನಗ್ರಿ. ಬೈಯೋರು ಮಾತ್ರ ಪೂರ್ತಿ ಕೇಳಿ ಆಮೇಲೆ ಶುರು ಮಾಡ್ರಿ. ನಮ್ಮ ದಾವಣಗೆರೆಗೆ ಒಂದು ಡಾಗ್ ಪಾರ್ಕ್ ಬೇಕು. ನಾಯಿ ಬೆಲ್ಟ್ ಬಿಚ್ಚಿ ಓಡಿಸೋಕೆ ಅಂತಲೇ ಸುತ್ತ ಬೇಲಿ ಹಾಕಿರೋ ಒಂದು ಜಾಗ.

‘ಮಕ್ಕಳಿಗೆ ಆಡೋಕೇ ಜಾಗ ಇಲ್ಲ, ನಾಯಿಗೆ ಪಾರ್ಕಂತೆ!’ ಈ ಮಾತು ಬಂದೇ ಬರುತ್ತೆ. ನಮ್ಮನೇಲೇ ಬಂತು. ಸರಿ, ಬೆಳಿಗ್ಗೆ ಬೆಳಕು ಹರಿಯೋ ಹೊತ್ತಿಗೆ ನಿಮ್ಮ ಬಡಾವಣೆ ಮೈದಾನಕ್ಕೆ ಹೋಗಿ ನಿಂತು ನೋಡ್ರಿ. ಒಬ್ಬರು ಲ್ಯಾಬ್ರಡಾರ್ ಬಿಟ್ಟಿರ್ತಾರೆ, ಇನ್ನೊಬ್ಬರು ಜರ್ಮನ್ ಶೆಫರ್ಡ್. ವಾಕಿಂಗ್ ಬಂದ ಅಜ್ಜಿ ಸೀರೆ ನೆರಿಗೆ ಹಿಡ್ಕೊಂಡು ನಿಂತಲ್ಲೇ ನಿಂತಿರ್ತಾರೆ. ಅತ್ತ ಕಡೆಯಿಂದ, ಕಿವಿಗೆ ಫೋನ್ ಇಟ್ಕೊಂಡೇ ಮಾಲೀಕರ ಕೂಗು: ‘ಹೆದರ್ಬೇಡ್ರಿ ಅಮ್ಮಾ, ಅದು ಏನೂ ಮಾಡಲ್ಲ ಬಿಡ್ರಿ!’

ಅಂದ್ರೆ ಡಾಗ್ ಪಾರ್ಕ್ ನಮ್ಮೂರಲ್ಲಿ ಆಗ್ಲೇ ಐತಿ. ಬೇಲಿ ಒಂದು ಇಲ್ಲ, ಅಷ್ಟೇ. ಮಕ್ಕಳ ಮೈದಾನಾನೂ ಅದೇ, ಕುಂದವಾಡ ಕೆರೆ ಏರಿನೂ ಅದೇ. ಆ ಕೆರೆ ನೀರನ್ನೂ ರೀ ಊರು ಕುಡಿಯೋದು. ಭದ್ರಾ ಕಾಲುವೆಯಿಂದ ಬಂದು ಅಲ್ಲಿ ನಿಂತು, ಆಮೇಲೆ ನಮ್ಮ ನಲ್ಲಿಗೆ ಬರೋ ನೀರು. ಅದರ ಏರಿ ಮೇಲೆ ನಾಯಿ ಬಿಟ್ಟು, ಅದು ಮಾಡಿದ್ದನ್ನ ಅಲ್ಲೇ ಬಿಟ್ಟು, ಮನೆಗೆ ಬಂದು ಫಿಲ್ಟರ್ ನೀರು ಕುಡಿಯೋ ಜಾಣರು ನಾವು.

ಇನ್ನು ನಾನು ನೋಡಿದ್ದು ಹೇಳ್ತೀನಿ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ನಾಯಿಗಳಿಗೆ ಅಂತ ಬೇರೆ ಜಾಗ ಐತಿ. ನಮ್ಮ ಕರಿಯನ್ನ ಕಾರಲ್ಲಿ ಹಾಕ್ಕೊಂಡು ಹೋಗಿದ್ದೆ. ಇನ್ನೂರೈವತ್ತು ಕಿಲೋಮೀಟರ್ ಮೇಲಾಗುತ್ತೆ, ನಾಯಿ ಓಡಿಸೋಕೆ ಅಷ್ಟು ದೂರ ಹೋದ ಅಂತ ಬೀದಿಯವರೆಲ್ಲ ನಕ್ಕಿದ್ದೂ ಆಯ್ತು. ಭಾನುವಾರ ಹೋದ್ರೆ ಅಲ್ಲಿ ನಾಯಿಗಳ ಜಾತ್ರೆ.

ಇಂಥ ಪಾರ್ಕಿನ ಒಳಗೆ ಹೋದವರು ಮೊದಲು ನೋಡಬೇಕಾಗಿರೋದು ಗೇಟು. ಹೊಸಬರು ಬಂದ್ರು ಅಂದ್ರೆ ಒಳಗಿರೋ ನಾಯಿಗಳೆಲ್ಲ ಗೇಟಿಗೆ ಬರ್ತಾವೆ, ಮದುವೆ ಮನೆಯೋರು ಬೀಗರನ್ನ ಎದುರುಗೊಳ್ಳೋಕೆ ಬಾಗಿಲಿಗೆ ಬಂದಂಗೆ. ಜಗಳ ಹುಟ್ಟೋದೂ ಅಲ್ಲೇ. ಯಾಕಂದ್ರೆ ಹೊಸ ನಾಯಿ ಬೆಲ್ಟಿನಲ್ಲಿರುತ್ತೆ, ಉಳಿದವು ಬೆಲ್ಟ್ ಇಲ್ಲದೆ ಇರ್ತಾವೆ. ಕಟ್ಟಿದ ನಾಯಿಗೆ ಓಡೋಕೆ ದಾರಿ ಇಲ್ಲ, ಹಂಗಾಗಿ ಹಲ್ಲು ತೋರಿಸುತ್ತೆ. ಮಾಲೀಕರು ಗಾಬರಿಯಾಗಿ ಬೆಲ್ಟ್ ಬಿಗಿಯಾಗಿ ಎಳೀತಾರೆ, ಅದು ಇನ್ನೂ ಬೆದರುತ್ತೆ. ಅದಕ್ಕೇ ಸರಿಯಾಗಿ ಕಟ್ಟಿದ ಡಾಗ್ ಪಾರ್ಕಿಗೆ ಎರಡು ಗೇಟಿರುತ್ತೆ, ನಡುವೆ ಒಂದು ಸಣ್ಣ ಪಂಜರದಷ್ಟು ಜಾಗ. ಹೊರಗಿನ ಗೇಟು ಚಿಲಕ ಹಾಕಿ, ನಡುವೆ ನಿಂತು ಬೆಲ್ಟ್ ಬಿಚ್ಚಿ, ಒಳಗಿನ ನಾಯಿಗಳು ಸ್ವಲ್ಪ ಸರಿದ ಮೇಲೆ ಎರಡನೇ ಗೇಟು ತೆಗೀಬೇಕು. ಎರಡೂ ಗೇಟು ಒಟ್ಟಿಗೆ ತೆರೆಯೋ ಹಂಗಿಲ್ಲ. ಖರ್ಚು ಏನು ಮಹಾ? ಎರಡು ಕಬ್ಬಿಣದ ಗೇಟು.

ಒಳಗೆ ಬಿಟ್ಟ ಮೇಲೆ ಕಣ್ಣು ನಾಯಿ ಮೇಲಿರಬೇಕು. ಮುಂಗಾಲು ನೆಲಕ್ಕೆ ಚಾಚಿ, ಹಿಂಭಾಗ ಮೇಲೆತ್ತಿ, ಬಾಲ ಸಡಿಲವಾಗಿ ಆಡಿಸ್ತಾ ನಿಂತ್ರೆ ‘ಬಾ ಆಡೋಣ’ ಅಂತ. ಸ್ವಲ್ಪ ಹೊತ್ತು ಇದು ಅಟ್ಟಿಸ್ಕೊಂಡು ಹೋಗ್ಬೇಕು, ಆಮೇಲೆ ಅದು ಇದನ್ನ ಅಟ್ಟಬೇಕು. ಪಾಳಿ ಬದಲಾಗ್ತಿದ್ರೆ ಆಟ. ಒಂದೇ ನಾಯಿ ಯಾವಾಗಲೂ ಮುಂದೆ ಓಡ್ತಿದೆ, ಬಾಲ ಕಾಲ ಸಂದಿಗೆ ಹೋಗಿದೆ, ಬೆಂಚಿನ ಕೆಳಗೆ ನುಗ್ತಿದೆ ಅಂದ್ರೆ ಅದು ಆಟ ಮುಗಿಸಿ ಆಗ್ಲೇ ಹೆದರಿದೆ. ಬಾಲ ಸೆಟೆದು ನಿಂತು, ಬೆನ್ನಿನ ಕೂದಲು ಎದ್ದು, ಕಣ್ಣು ನೆಟ್ಟು ನೋಡ್ತಿದ್ರಂತೂ ತಕ್ಷಣ ಕರೆದು ಬೆಲ್ಟ್ ಹಾಕ್ಬೇಕು. ಇದನ್ನ ನೋಡೋಕೆ ಫೋನ್ ಜೇಬಲ್ಲಿರಬೇಕು. ಬೆಂಗಳೂರಿನೋರೂ ಇದರಲ್ಲಿ ನಮಗಿಂತ ಮೇಲೇನಲ್ಲ ಬಿಡ್ರಿ, ರೀಲ್ಸ್ ಮಾಡೋರೇ ಜಾಸ್ತಿ.

ನಮ್ಮ ಕರಿಯ ಮುಧೋಳ. ಅಂಚೆ ಇಲಾಖೆ 2005ರಲ್ಲಿ ಸ್ಟಾಂಪ್ ಹೊರಡಿಸಿ ಗೌರವ ಕೊಟ್ಟ ತಳಿ. ಇದು ಕಣ್ಣಿನಿಂದ ಬೇಟೆ ಆಡೋ ನಾಯಿ. ದೂರದಲ್ಲಿ ಆಡಿನ ಮರಿಯೊಂದು ಚಂಗನೆ ಹಾರಿತು ಅಂದ್ರೆ ಮುಗೀತು, ನೀವು ಎಷ್ಟು ಕೂಗಿದ್ರೂ ಅದರ ಕಿವಿಗೆ ಬೀಳಲ್ಲ. ಬೆಲ್ಟ್ ಹಿಡ್ಕೊಂಡು ಎಂಸಿಸಿ ಬಿ ಬ್ಲಾಕ್ ಸುತ್ತು ಹಾಕಿಸಿದ್ರೆ ಅದಕ್ಕೆ ಮೈ ಬೆಚ್ಚಗೂ ಆಗಲ್ಲ. ಬಯಲಲ್ಲಿ ಬಿಡೋಕೆ ಆಗಲ್ಲ, ಕಟ್ಟಿ ಹಾಕೋಕೆ ಮನಸ್ಸು ಬರಲ್ಲ. ಆವತ್ತು ಕಬ್ಬನ್ ಪಾರ್ಕಿನಲ್ಲಿ ಬೇಲಿ ಉದ್ದಕ್ಕೂ ಅದು ಮೈ ಚಾಚಿ ಓಡಿದ್ದು ನೋಡಿದ ಮೇಲೆ ನನಗೆ ಈ ಹುಚ್ಚು ಹತ್ತಿದ್ದು. ಒಂದು ಮಾತು, ಮುಧೋಳಕ್ಕೆ ನಾಲ್ಕಡಿ ಬೇಲಿ ಲೆಕ್ಕಕ್ಕಿಲ್ಲ. ಆರಡಿ ಆದ್ರೂ ಬೇಕು.

ಬೇಲಿ ಇಲ್ಲದ ಕಡೆ ಬಿಟ್ರೆ ಏನಾಗುತ್ತೆ ಅನ್ನೋದನ್ನೂ ಕಬ್ಬನ್ ಪಾರ್ಕೇ ತೋರಿಸಿದೆ. 2022ರಲ್ಲಿ ತೋಟಗಾರಿಕೆ ಇಲಾಖೆ ಇಡೀ ಪಾರ್ಕಿಗೇ ಸಾಕುನಾಯಿ ತರೋದನ್ನ ನಿಷೇಧಿಸೋಕೆ ಹೊರಟಿತ್ತು. ದೂರು ಇದ್ದಿದ್ದು ಇದೇ: ಎಲ್ಲೆಂದರಲ್ಲಿ ಬೆಲ್ಟ್ ಬಿಚ್ತಾರೆ, ಗಲೀಜು ಎತ್ತಲ್ಲ. ನಾಯಿ ಸಾಕಿದೋರು ಗಲಾಟೆ ಮಾಡಿದ ಮೇಲೆ ಕೈಬಿಟ್ಟರು. ಇತ್ತ ಹೈದರಾಬಾದಿನವರು 2018ರಲ್ಲಿ ಕೊಂಡಾಪುರದಲ್ಲಿ ಕಸ ಸುರೀತಿದ್ದ ಜಾಗವನ್ನೇ ಡಾಗ್ ಪಾರ್ಕ್ ಮಾಡಿದ್ರು, 1.3 ಎಕರೆ. ದೊಡ್ಡ ನಾಯಿಗೆ ಬೇರೆ ಜಾಗ, ಸಣ್ಣದಕ್ಕೆ ಬೇರೆ.

ನಮ್ಮೂರಲ್ಲಿ ಅದೇ ನಕ್ಷೆ ತಂದು ಹಾಕಿದ್ರೆ ನಡೆಯಲ್ಲ. ಎರೆ ಮಣ್ಣಿನ ಜಾಗ ಸಿಕ್ತು ಅಂದ್ರೆ ಒಂದು ಮಳೆಗೆ ನಾಯಿ ಕಾಲೂ ನಮ್ಮ ಚಪ್ಪಲಿನೂ ಮೇಲೇಳಲ್ಲ, ಗರಸು ಹೊಡೆಸಿ ನೀರು ಹರಿಯೋ ಹಂಗೆ ಇಳಿಜಾರು ಮಾಡಬೇಕು. ಏಪ್ರಿಲ್ ಬಿಸಿಲಿಗೆ ಕಾಂಕ್ರೀಟ್, ಟೈಲ್ಸ್ ಬೇಡವೇ ಬೇಡ. ಅಂಗೈ ಹಿಂಭಾಗ ನೆಲಕ್ಕೆ ಇಟ್ಟು ಏಳು ಎಣಿಸೋಕೆ ಆಗದಿದ್ರೆ ನಾಯಿ ಪಾದವೂ ಸುಡುತ್ತೆ. ಇಲ್ಲಿ ಹಿಮದ ನಾಡಿನ ಹಸ್ಕಿ ಸಾಕಿರೋರೂ ಇದ್ದಾರೆ, ಅವರ ಬಗ್ಗೆ ಇನ್ನೊಂದು ದಿನ ಮಾತಾಡ್ತೀನಿ, ಬಿಪಿ ಜಾಸ್ತಿ ಆಗುತ್ತೆ. ಹೊಂಗೆ, ಬೇವಿನ ನೆರಳು, ಒಂದು ನಲ್ಲಿ, ಉಣ್ಣೆ ಹುಳ ಸೇರದಂಗೆ ಹುಲ್ಲು ಕತ್ತರಿಸೋಕೆ ಒಬ್ಬ ಆಳು. ಇಷ್ಟಿದ್ರೆ ಸಾಕು.

ಬಾಗಿಲಲ್ಲಿ ಲಸಿಕೆ ಕಾರ್ಡ್ ನೋಡಬೇಕು, ಅದರಲ್ಲಿ ರಾಜಿ ಇಲ್ಲ. ರೇಬೀಸ್ ಒಂದೇ ಅಲ್ಲ, ಪಾರ್ವೋ ವೈರಸ್ ಮಣ್ಣಲ್ಲಿ ತಿಂಗಳುಗಟ್ಟಲೆ ಬದುಕಿರುತ್ತೆ. ಲಸಿಕೆ ಪೂರ್ತಿಯಾಗದ ಮರಿಯನ್ನ ‘ಪಾಪ ಆಡ್ಲಿ’ ಅಂತ ಕರ್ಕೊಂಡು ಬಂದ್ರೆ ವಾಂತಿ ಭೇದಿಯಾಗಿ ನಾಲ್ಕು ದಿನದಲ್ಲಿ ಹೋಗಿಬಿಡಬಹುದು. ಬೆದೆಗೆ ಬಂದ ಹೆಣ್ಣು ನಾಯಿ ತರೋ ಹಂಗಿಲ್ಲ. ಯಾಕೆ ಅಂತ ಬಿಡಿಸಿ ಹೇಳ್ಬೇಕಾ?

ಬೀದಿ ನಾಯಿ ಕಥೆ ಏನು ಅಂತ ಕೇಳ್ತೀರಿ. ಡಾಗ್ ಪಾರ್ಕಿನಿಂದ ಬೀದಿ ನಾಯಿ ಒಂದೂ ಕಡಿಮೆ ಆಗಲ್ಲ, ಆಗುತ್ತೆ ಅಂತ ನಾನು ಸುಳ್ಳು ಹೇಳಲ್ಲ. ಅದಕ್ಕೆ 2023ರ ಎಬಿಸಿ, ಅಂದ್ರೆ ಪ್ರಾಣಿ ಜನನ ನಿಯಂತ್ರಣ ನಿಯಮ ಐತಿ, ಸಂತಾನಹರಣ ಮಾಡಿ ಲಸಿಕೆ ಹಾಕೋ ಕೆಲಸ ಪಾಲಿಕೆದು. ಆದ್ರೆ ಬೀದಿ ನಾಯಿ ಮೇಲೆ ಅಷ್ಟು ಕೂಗಾಡೋ ನಾವು ಬೆಲ್ಟ್ ಬಿಚ್ಚಿದ ಸಾಕುನಾಯಿ ಬಗ್ಗೆ ಸುಮ್ಮನಿರ್ತೀವಿ, ಯಾಕಂದ್ರೆ ಅದರ ಹಿಂದೆ ಒಂದು ಕಾರು, ಒಂದು ಬಂಗಲೆ ಇರುತ್ತೆ. ಕಾನೂನು ಸುಮ್ಮನಿಲ್ಲ. ನಾಯಿಯನ್ನ ಹತೋಟಿಯಲ್ಲಿ ಇಡದೆ ಜನರಿಗೆ ಅಪಾಯ ತಂದ್ರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಲ್ಲಿ ಆರು ತಿಂಗಳವರೆಗೆ ಜೈಲು, ಇಲ್ಲಾ 5,000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ‘ಏನೂ ಮಾಡಲ್ಲ ಬಿಡ್ರಿ’ ಅಂತ ಕೂಗಿದ್ದು ಅಲ್ಲಿ ಲೆಕ್ಕಕ್ಕೆ ಬರಲ್ಲ.

ಬೇಲಿ ಹಾಕಿದ ಜಾಗ ಕೊಟ್ಟ ಮೇಲೆ ಮೈದಾನದಲ್ಲಿ ಬಿಟ್ಟೋರಿಗೆ ದಂಡ ಹಾಕ್ರಿ, ನಾನೇ ಬಂದು ಸಾಕ್ಷಿ ಹೇಳ್ತೀನಿ. ಈಗ ಹಾಕಿದ್ರೆ ‘ಮತ್ತೆಲ್ಲಿ ಬಿಡೋಣ?’ ಅಂತ ಕೇಳೋರಿಗೆ ಉತ್ತರ ಇಲ್ಲ.

ಜಾಗ ಎಲ್ಲಿ ಅಂತೀರಾ? ಹೊಸ ಬಡಾವಣೆಗಳಲ್ಲಿ ‘ಉದ್ಯಾನವನ’ ಅಂತ ಬೋರ್ಡ್ ನೆಟ್ಟು ಒಳಗೆ ಬಳ್ಳಾರಿ ಜಾಲಿ ಬೆಳೆಸಿರೋ ಜಾಗ ನಿಮ್ಮ ಕಣ್ಣಿಗೂ ಬಿದ್ದಿರಬೇಕು. ಅದರಲ್ಲಿ ಒಂದು ಮೂಲೆ, ಅರ್ಧ ಎಕರೆ ಸಾಕು ಶುರು ಮಾಡೋಕೆ. ನಿಮ್ಮ ವಾರ್ಡಿನಲ್ಲಿ ಅಂಥದ್ದಿದ್ರೆ ಒಂದು ಫೋಟೋ ತೆಗೆದು ಕಳಿಸ್ರಿ, ಜೊತೆಗೆ ನಿಮ್ಮ ನಾಯಿ ಲಸಿಕೆ ಕಾರ್ಡಿನ ಜೆರಾಕ್ಸೂ ಇರ್ಲಿ. ಮನವಿ ಪತ್ರ ಹಿಡ್ಕೊಂಡು ಪಾಲಿಕೆಗೆ ಹೋದಾಗ ‘ಊರಲ್ಲಿ ಎಷ್ಟು ನಾಯಿಗೆ ಇದು ಬೇಕ್ರಿ?’ ಅಂತ ಕೇಳೇ ಕೇಳ್ತಾರೆ, ಕಟ್ಟು ತೆಗೆದು ಮೇಜಿನ ಮೇಲೆ ಇಡೋಣ.