ಅನುಮತಿಗೆ ಕಾಯುವ ಹೊತ್ತು, ಕಾಯಬಾರದ ಹೊತ್ತು

ಕೇಳುಗರಿಗೆ ನಮಸ್ಕಾರ.

ವಿಮಾನದ ಬಾಗಿಲು ಮುಚ್ಚಿ, ಎಲ್ಲರೂ ಬೆಲ್ಟು ಕಟ್ಟಿಕೊಂಡ ಮೇಲೂ ವಿಮಾನ ಕದಲದೆ ನಿಂತಾಗ, ‘ಎಟಿಸಿ ಅನುಮತಿಗಾಗಿ ಕಾಯುತ್ತಿದ್ದೇವೆ’ ಎಂಬ ಕ್ಯಾಪ್ಟನ್ನರ ಪ್ರಕಟಣೆಯನ್ನು ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. ಎಟಿಸಿ ಎಂದರೆ ವಾಯು ಸಂಚಾರ ನಿಯಂತ್ರಣ. ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣವನ್ನು ನಡೆಸುವುದು ಖಾಸಗಿ ಕಂಪನಿಯಾದರೂ, ಅಲ್ಲಿಯ ಗೋಪುರದಲ್ಲಿ ಕುಳಿತು ವಿಮಾನಗಳಿಗೆ ದಾರಿ ಬಿಡುವವರು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ನಿಯಂತ್ರಕರು. ಅವರ ಮಾತಿಗಾಗಿ ಪೈಲಟ್ ಯಾವಾಗ ಕಾಯಲೇಬೇಕು, ಯಾವಾಗ ಕಾಯಬಾರದು, ಅವರು ಹೇಳಿದ್ದನ್ನು ಎಂದಾದರೂ ಒಲ್ಲೆ ಎನ್ನಬಹುದೇ ಎಂಬುದು ಈ ಹೊತ್ತಿನ ವಿಷಯ.

ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಹಾರಾಟ ನಿಯಮಗಳು ಇದರ ಬಗ್ಗೆ ಎರಡು ಮಾತು ಹೇಳುತ್ತವೆ. ವಿಮಾನದ ಹೊಣೆ ಹೊತ್ತ ಪೈಲಟ್ಟನೇ ಆ ವಿಮಾನದ ವಿಷಯದಲ್ಲಿ ಅಂತಿಮ ಅಧಿಕಾರಿ ಎನ್ನುವುದು ಒಂದು. ನಿಯಂತ್ರಿತ ಆಕಾಶದಲ್ಲಿ ಹಾರುವವನು ತನಗೆ ಸಿಕ್ಕ ಅನುಮತಿಯ ಎಲ್ಲೆ ಮೀರಕೂಡದು, ತುರ್ತು ಸಂದರ್ಭದಲ್ಲಿ ಮೀರಬೇಕಾಗಿ ಬಂದರೆ ಸಾಧ್ಯವಾದಷ್ಟು ಬೇಗ ತಿಳಿಸಬೇಕು ಎನ್ನುವುದು ಇನ್ನೊಂದು. ಮೇಲ್ನೋಟಕ್ಕೆ ಇವು ಒಂದಕ್ಕೊಂದು ಎದುರಾಗಿ ನಿಂತಂತೆ ಕಾಣುತ್ತವೆ. ಆದರೆ ಇಬ್ಬರಲ್ಲಿ ಯಾರಿಗೆ ಏನು ಕಾಣುತ್ತದೆ ಎಂದು ನೋಡಿದರೆ ತೊಡಕು ಬಿಡಿಸಿಕೊಳ್ಳುತ್ತದೆ. ಸುತ್ತಲಿನ ಇತರ ವಿಮಾನಗಳು ಎಲ್ಲಿವೆ, ಎತ್ತ ಹೊರಟಿವೆ ಎಂಬುದು ನಿಯಂತ್ರಕರಿಗೆ ಗೊತ್ತು. ತನ್ನ ಎಂಜಿನ್ ಹೇಗಿದೆ, ಟ್ಯಾಂಕಿನಲ್ಲಿ ಇಂಧನ ಎಷ್ಟಿದೆ, ಎದುರಿಗೆ ಯಾವ ಮೋಡವಿದೆ ಎಂಬುದು ಪೈಲಟ್ಟಿಗೆ ಗೊತ್ತು. ಅಪಾಯ ಇತರ ವಿಮಾನಗಳಿಂದ ಬರಬಹುದಾದ ಕಡೆ ಕಾಯಬೇಕು. ಅದು ತನ್ನ ವಿಮಾನದೊಳಗೇ ಹುಟ್ಟಿದ್ದರೆ, ಅಥವಾ ಕೇಳಿ ತಿಳಿಯಲು ವ್ಯವಧಾನವಿಲ್ಲದಷ್ಟು ಹತ್ತಿರ ಬಂದಿದ್ದರೆ, ಕಾಯುವಂತಿಲ್ಲ. ಇದಿಷ್ಟು ಸರಳ. ಅನಾಹುತಗಳಾಗಿರುವುದು ಹೆಚ್ಚಾಗಿ ಇವೆರಡರ ನಡುವೆ, ಅಂದರೆ ಅನುಮತಿ ಸಿಕ್ಕಿದೆಯೆಂದು ಪೈಲಟ್ ಭಾವಿಸಿಕೊಂಡಾಗ.

ನೆಲದ ಮೇಲಿನ ಅನುಮತಿ ಒಂದೇ ಇಡಿಯಾಗಿ ಬರುವುದಿಲ್ಲ. ಎಂಜಿನ್ ಚಾಲೂ ಮಾಡಲು ಒಂದು, ರನ್‌ವೇಗೆ ಹೋಗುವ ದಾರಿಯಾದ ಟ್ಯಾಕ್ಸಿವೇಯಲ್ಲಿ ಸಾಗಲು ಒಂದು, ರನ್‌ವೇ ಪ್ರವೇಶಿಸಿ ಸಾಲಿಗೆ ನಿಲ್ಲಲು ಒಂದು, ಕಟ್ಟಕಡೆಗೆ ಮೇಲೇರಲು ಒಂದು. ಇವಲ್ಲದೆ, ಮೇಲೆದ್ದ ಮೇಲೆ ಯಾವ ದಾರಿಯಲ್ಲಿ ಯಾವ ಎತ್ತರಕ್ಕೆ ಹೋಗಬೇಕೆಂದು ಹೇಳುವ ಮಾರ್ಗದ ಅನುಮತಿ ಬೇರೆಯೇ ಇದೆ. ಅದು ಕೈಗೆ ಬಂದಿದೆಯೆಂದು ಚಕ್ರ ಉರುಳಿಸುವ ಹಕ್ಕು ಬಂದಂತಲ್ಲ. ಈ ವ್ಯತ್ಯಾಸ ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ 1977ರ ಮಾರ್ಚ್ 27ರಂದು ಸ್ಪೇನಿನ ಕ್ಯಾನರಿ ದ್ವೀಪಗಳ ಟೆನೆರಿಫ್‌ನಲ್ಲಿ ನಡೆದದ್ದೇ ಸಾಕ್ಷಿ.

ಅಂದು ಪಕ್ಕದ ದ್ವೀಪದ ವಿಮಾನ ನಿಲ್ದಾಣದಲ್ಲಿ ಬಾಂಬ್ ಸಿಡಿದದ್ದರಿಂದ ಹಲವು ವಿಮಾನಗಳನ್ನು ಲೋಸ್ ರೋಡಿಯೋಸ್ ಎಂಬ ಸಣ್ಣ ನಿಲ್ದಾಣಕ್ಕೆ ತಿರುಗಿಸಲಾಗಿತ್ತು. ನಿಂತ ವಿಮಾನಗಳಿಂದ ಟ್ಯಾಕ್ಸಿವೇ ತುಂಬಿಹೋಗಿ, ಹೊರಡುವವರು ರನ್‌ವೇಯ ಮೇಲೆಯೇ ಸಾಗಿ ತುದಿಯಲ್ಲಿ ತಿರುಗಿಕೊಳ್ಳಬೇಕಾಗಿತ್ತು. ಕೆಎಲ್‌ಎಂ ಸಂಸ್ಥೆಯ ಬೋಯಿಂಗ್ 747 ಹಾಗೆ ಸಾಗಿ ತುದಿ ತಲುಪಿತ್ತು. ಅದರ ಹಿಂದೆ ಪ್ಯಾನ್ ಆಮ್‌ನ ಇನ್ನೊಂದು 747 ಇನ್ನೂ ಅದೇ ರನ್‌ವೇಯ ಮೇಲಿತ್ತು. ದಟ್ಟ ಮಂಜಿನಲ್ಲಿ ಎರಡೂ ವಿಮಾನಗಳಿಗೆ ಒಂದನ್ನೊಂದು ಕಾಣದು, ಗೋಪುರಕ್ಕೆ ಎರಡೂ ಕಾಣವು, ನೆಲದ ರೇಡಾರ್ ಇರಲಿಲ್ಲ. ಅಂದರೆ ಮೂವರ ನಡುವೆ ಇದ್ದ ಆಸರೆ ರೇಡಿಯೋದ ಮಾತು ಮಾತ್ರ. ತಿರುಗಿಕೊಂಡ ಕೂಡಲೇ ಕೆಎಲ್‌ಎಂ ಕ್ಯಾಪ್ಟನ್ ಎಂಜಿನ್ನಿನ ಶಕ್ತಿ ಏರಿಸಲು ಹೊರಟಾಗ, ಅನುಮತಿ ಇನ್ನೂ ಸಿಕ್ಕಿಲ್ಲವೆಂದು ಸಹಪೈಲಟ್ ತಡೆದರು. ಕ್ಯಾಪ್ಟನ್ ನಿಲ್ಲಿಸಿ, ಕೇಳು ಎಂದರು. ಗೋಪುರದಿಂದ ಬಂದದ್ದು ಮಾರ್ಗದ ಅನುಮತಿ. ಅದರೊಳಗೆ ‘ಟೇಕಾಫ್ ಆದ ಮೇಲೆ’ ಹೀಗೆ ತಿರುಗಿ ಎಂಬ ಮಾತೂ ಸೇರಿತ್ತು. ಸಹಪೈಲಟ್ ಅದನ್ನು ಮರಳಿ ಓದಿ ಹೇಳಿ ಮುಗಿಸುವ ಮೊದಲೇ ವಿಮಾನ ಓಡತೊಡಗಿತು. ಒಮ್ಮೆ ತಡೆದ ಸಹಪೈಲಟ್ ಎರಡನೆಯ ಸಲ ತಡೆಯಲಿಲ್ಲ. ‘ನಾವೀಗ ಟೇಕಾಫ್‌ನಲ್ಲಿದ್ದೇವೆ’ ಎಂಬಂಥ ಅವರ ಮಾತಿಗೆ ನಿಯಂತ್ರಕರು ‘ಓಕೆ’ ಎಂದು ಕ್ಷಣ ಬಿಟ್ಟು, ಟೇಕಾಫ್‌ಗೆ ಕಾಯುತ್ತಿರಿ, ನಾನೇ ಕರೆಯುತ್ತೇನೆ ಎಂದರು. ಅದೇ ಗಳಿಗೆಯಲ್ಲಿ, ನಾವಿನ್ನೂ ರನ್‌ವೇಯಲ್ಲಿದ್ದೇವೆ ಎಂದು ಪ್ಯಾನ್ ಆಮ್ ಹೇಳಿತು. ಎರಡು ಪ್ರಸಾರಗಳು ಒಂದರ ಮೇಲೊಂದು ಬಿದ್ದು ಕೆಎಲ್‌ಎಂ ಕಾಕ್‌ಪಿಟ್ಟಿನಲ್ಲಿ ‘ಓಕೆ’ ಬಿಟ್ಟರೆ ಸ್ಪಷ್ಟವಾಗಿ ಕೇಳಿಸಿದ್ದು ಕೀರಲು ಸದ್ದು. ಆ ವಿಮಾನ ದಾರಿ ಬಿಟ್ಟಿಲ್ಲವೇ ಎಂದು ಫ್ಲೈಟ್ ಎಂಜಿನಿಯರ್ ಅನುಮಾನದಿಂದ ಕೇಳಿದರು. ಬಿಟ್ಟಿದೆ ಎಂದು ಕ್ಯಾಪ್ಟನ್ ಒತ್ತಿ ಹೇಳಿದರು. ಎರಡೂ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಇಂದಿಗೂ ಅದಕ್ಕಿಂತ ಹೆಚ್ಚು ಜೀವಗಳನ್ನು ತೆಗೆದುಕೊಂಡ ವಿಮಾನ ಅಪಘಾತ ಇನ್ನೊಂದಿಲ್ಲ.

ಆ ಕ್ಯಾಪ್ಟನ್ ಹೊಸಬರಲ್ಲ, ತಮ್ಮ ಸಂಸ್ಥೆಯಲ್ಲಿ ಇತರರಿಗೆ ಪಾಠ ಹೇಳುತ್ತಿದ್ದವರು. ಅವರ ಅವಸರಕ್ಕೆ ಕರ್ತವ್ಯದ ವೇಳೆಯ ಕಟ್ಟುನಿಟ್ಟಿನ ಮಿತಿಯೂ ಒಂದು ಕಾರಣ ಎನ್ನುತ್ತಾರೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಫ್ಲೈಟ್ ಎಂಜಿನಿಯರ್ ಕೇಳಿದ ಪ್ರಶ್ನೆ. ಕಾಕ್‌ಪಿಟ್ಟಿನಲ್ಲಿ ಒಬ್ಬರಿಗೆ ಅನುಮಾನ ಬಂದಿದೆಯೆಂದರೆ ಅನುಮತಿ ಇಲ್ಲವೆಂದೇ ತಿಳಿದು ಮತ್ತೆ ಕೇಳಬೇಕು ಎಂಬ ಶಿಸ್ತು ಆಮೇಲಿನ ತರಬೇತಿಯಲ್ಲಿ ಬೇರೂರಿತು. ‘ಟೇಕಾಫ್’ ಎಂಬ ಪದವನ್ನು ಆ ಅನುಮತಿ ಕೊಡುವಾಗ ಅಥವಾ ರದ್ದು ಮಾಡುವಾಗ ಮಾತ್ರ ಉಚ್ಚರಿಸಬೇಕು, ಉಳಿದೆಡೆ ‘ಡಿಪಾರ್ಚರ್’ ಎನ್ನಬೇಕು ಎಂಬ ಕಟ್ಟುಪಾಡೂ ಬಂತು.

ಇಷ್ಟಾದರೂ ಭಾವಿಸಿಕೊಳ್ಳುವ ಚಾಳಿ ಹೋಗಿಲ್ಲ. 2024ರ ಜನವರಿ 2ರ ಸಂಜೆ ಟೋಕಿಯೋದ ಹನೇಡಾ ನಿಲ್ದಾಣದಲ್ಲಿ ಜಪಾನಿನ ಕರಾವಳಿ ಕಾವಲು ಪಡೆಯ ವಿಮಾನಕ್ಕೆ, ನಿಮ್ಮದು ಮೊದಲ ಸರದಿ, ರನ್‌ವೇ ಅಂಚಿನ ಕಾಯುವ ಗೆರೆಯವರೆಗೆ ಬನ್ನಿ ಎಂದು ಗೋಪುರ ಹೇಳಿತು. ಪೈಲಟ್ ಸರಿಯಾಗಿಯೇ ಮರಳಿ ಓದಿದರು. ಆದರೆ ಗೆರೆ ದಾಟಿ ರನ್‌ವೇ ಮೇಲೆ ನಿಂತರು. ಭೂಕಂಪ ಪೀಡಿತರಿಗೆ ಸಾಮಗ್ರಿ ಒಯ್ಯುತ್ತಿದ್ದ ಆ ವಿಮಾನಕ್ಕೆ, ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್ ವಿಮಾನ ಅಪ್ಪಳಿಸಿತು. ದೊಡ್ಡ ವಿಮಾನದ 379 ಮಂದಿಯೂ ಉರಿಯಿಂದ ಪಾರಾದರು. ಚಿಕ್ಕ ವಿಮಾನದ ಆರು ಜನರಲ್ಲಿ ಐವರು ಉಳಿಯಲಿಲ್ಲ. ಸರದಿಯಲ್ಲಿ ಮೊದಲನೆಯವನು ಎಂದರೆ ಒಳಗೆ ಬಾ ಎಂದಲ್ಲ. ಆದರೆ ತುರ್ತು ಕೆಲಸದ ಮೇಲಿರುವವನ ಕಿವಿಗೆ ಅದು ಹಾಗೆ ಕೇಳಿಸಿಬಿಡಬಹುದು. ಸರದಿಯ ಸಂಖ್ಯೆ ಹೇಳುವ ಆ ಪದ್ಧತಿಯನ್ನೇ ಜಪಾನ್ ಕೆಲಕಾಲ ನಿಲ್ಲಿಸಿತು.

ನಿಯಂತ್ರಕರು ಹೇಳಿದ ಮುಖ್ಯ ಸೂಚನೆಗಳನ್ನು, ಅಂದರೆ ರನ್‌ವೇ, ಎತ್ತರ, ದಿಕ್ಕು, ವೇಗ ಇವುಗಳನ್ನು, ಪೈಲಟ್ ತನ್ನ ವಿಮಾನದ ಗುರುತಿನೊಂದಿಗೆ ಮರಳಿ ಓದಬೇಕು, ನಿಯಂತ್ರಕರು ಅದನ್ನು ಕಿವಿಗೊಟ್ಟು ಕೇಳಿ ತಪ್ಪಿದ್ದರೆ ತಿದ್ದಬೇಕು. ಹನೇಡಾ ತೋರಿಸಿದಂತೆ ಬಾಯಿ ಸರಿಯಾಗಿ ಓದಿದರೂ ಕಾಲು ತಪ್ಪಬಹುದು. ಆದುದರಿಂದಲೇ ದೊಡ್ಡ ನಿಲ್ದಾಣಗಳಲ್ಲಿ ಕಾಯುವ ಗೆರೆಯ ಮೇಲೆ ಕೆಂಪು ದೀಪಗಳ ಸಾಲು ಇರುತ್ತದೆ. ಆ ದೀಪ ಉರಿಯುತ್ತಿರುವಾಗ ಮುಂದೆ ಬರಲು ರೇಡಿಯೋದಲ್ಲಿ ಅನುಮತಿ ಬಂದರೂ ಪೈಲಟ್ ದಾಟಬಾರದು. ದೀಪ ಉರಿಯುತ್ತಿದೆಯಲ್ಲಾ ಎಂದು ಕೇಳಬೇಕು. ಎಟಿಸಿ ಹೇಳಿದರೂ ನಿಲ್ಲಬೇಕಾದ ಸಂದರ್ಭ ಇದು.

ಇನ್ನು ಆಕಾಶ. ಅಲ್ಲಿ ಎದುರುಬದುರು ಹೋಗುವ ವಿಮಾನಗಳನ್ನು ಬೇರೆಬೇರೆ ಇಡುವುದು ಬಹುಮಟ್ಟಿಗೆ ಎತ್ತರ. 1996ರ ನವೆಂಬರ್ 12ರ ಸಂಜೆ ದೆಹಲಿಯಿಂದ ಮೇಲೇರಿದ ಸೌದಿ ಅರೇಬಿಯಾದ 747ಕ್ಕೆ 14,000 ಅಡಿಯಲ್ಲಿ ಇರಲು ಹೇಳಲಾಗಿತ್ತು. ದೆಹಲಿಗೆ ಇಳಿಯಲು ಬರುತ್ತಿದ್ದ ಕಜಕಿಸ್ತಾನದ ಇಲ್ಯೂಷಿನ್‌ಗೆ 15,000 ಅಡಿಯವರೆಗೆ ಮಾತ್ರ ಇಳಿಯಲು ಅನುಮತಿ ಇತ್ತು. ನಡುವೆ 1,000 ಅಡಿಯ ಅಂತರ. ಬರುವವರಿಗೂ ಹೋಗುವವರಿಗೂ ಆಗ ಒಂದೇ ದಾರಿ. ಅಂದಿನ ದೆಹಲಿಯ ರೇಡಾರ್ ವಿಮಾನ ಎಲ್ಲಿದೆ ಎಂದು ತೋರಿಸುತ್ತಿತ್ತೇ ಹೊರತು ಯಾವ ಎತ್ತರದಲ್ಲಿದೆ ಎಂದು ತೋರಿಸುತ್ತಿರಲಿಲ್ಲ. ಆದ್ದರಿಂದ ಪೈಲಟ್ ಹೇಳಿದ್ದನ್ನು ನಿಯಂತ್ರಕರು ನಂಬಲೇಬೇಕಿತ್ತು. ಇಲ್ಯೂಷಿನ್‌ನಲ್ಲಿ ಗೋಪುರದೊಂದಿಗೆ ಮಾತನಾಡುತ್ತಿದ್ದವರು ವಿಮಾನ ನಡೆಸುತ್ತಿದ್ದ ಪೈಲಟ್ ಅಲ್ಲ, ಬೇರೊಬ್ಬ ರೇಡಿಯೋ ಆಪರೇಟರ್. 15,000ಕ್ಕೆ ಬಂದಿದ್ದೇವೆ ಎಂಬ ಮಾತು ರೇಡಿಯೋದಲ್ಲಿ ಬಂತು, ವಿಮಾನ ಮಾತ್ರ ಅದಕ್ಕೂ ಕೆಳಗಿಳಿಯಿತು. ಹರಿಯಾಣದ ಚರಖಿ ದಾದ್ರಿಯ ಮೇಲೆ ಎರಡೂ ಡಿಕ್ಕಿಯಾಗಿ, ಇದ್ದ 349 ಜನರಲ್ಲಿ ಒಬ್ಬರೂ ಬದುಕಲಿಲ್ಲ. ನ್ಯಾಯಮೂರ್ತಿ ಲಾಹೋಟಿ ಆಯೋಗ ಕಂಡದ್ದು ಇದನ್ನೇ: ಕಜಕ್ ವಿಮಾನ ತನಗೆ ಕೊಟ್ಟ ಎತ್ತರದಲ್ಲಿ ನಿಲ್ಲಲಿಲ್ಲ. ಎದುರಿಗೆ ವಿಮಾನ ಬರುತ್ತಿದೆ ಎಂದು ನಿಯಂತ್ರಕರು ಎಚ್ಚರಿಸಿದ್ದೂ ಆಗಿತ್ತು. ಎಚ್ಚರಿಕೆ ಬೇರೆ, ಹೊಸ ಎತ್ತರಕ್ಕೆ ಅನುಮತಿ ಬೇರೆ.

ಆ ದುರಂತದ ನಂತರ ಭಾರತ, ತನ್ನ ಆಕಾಶಕ್ಕೆ ಬರುವ ದೊಡ್ಡ ವಿಮಾನಗಳಲ್ಲಿ ಟಿಕ್ಯಾಸ್ ಎಂಬ ಡಿಕ್ಕಿ ತಡೆಯುವ ಯಂತ್ರವನ್ನು ಕಡ್ಡಾಯ ಮಾಡಿತು. ಹತ್ತಿರದ ವಿಮಾನದೊಂದಿಗೆ ಈ ಯಂತ್ರ ತಾನೇ ಮಾತನಾಡಿಕೊಂಡು, ಡಿಕ್ಕಿಯ ಸಂಭವ ಕಂಡರೆ ಒಬ್ಬರಿಗೆ ‘ಏರು’ ಎಂದೂ ಇನ್ನೊಬ್ಬರಿಗೆ ‘ಇಳಿ’ ಎಂದೂ ಹೇಳುತ್ತದೆ. ಆಗ ಹೊಸ ಪ್ರಶ್ನೆಯೊಂದು ಎದ್ದಿತು. ಯಂತ್ರ ಏರು ಎಂದು, ನಿಯಂತ್ರಕರು ಇಳಿ ಎಂದರೆ?

2002ರ ಜುಲೈ 1ರ ರಾತ್ರಿ ಜರ್ಮನಿಯ ಯೂಬರ್‌ಲಿಂಗನ್ ಮೇಲೆ ಹೀಗೆಯೇ ಆಯಿತು. ಆ ಆಕಾಶದ ನಿಯಂತ್ರಣ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಿಂದ. ಅಂದು ರಾತ್ರಿ ಪಾಳಿಯ ಸಹೋದ್ಯೋಗಿ ವಿಶ್ರಾಂತಿಗೆ ಹೋಗಿದ್ದರು. ಉಳಿದ ಒಬ್ಬ ನಿಯಂತ್ರಕ ಎರಡು ಪರದೆಗಳನ್ನು ನೋಡಿಕೊಳ್ಳುತ್ತಿದ್ದರು. ದುರಸ್ತಿಯ ಕಾರಣ ಮುಖ್ಯ ಫೋನ್ ವ್ಯವಸ್ಥೆಯೂ ಕೆಲಸ ಮಾಡುತ್ತಿರಲಿಲ್ಲ. ಶಾಲಾ ಮಕ್ಕಳನ್ನು ಕರೆದೊಯ್ಯುತ್ತಿದ್ದ ರಷ್ಯಾದ ಟುಪೊಲೆವ್ ವಿಮಾನವೂ ಡಿಎಚ್‌ಎಲ್‌ನ ಸರಕು ವಿಮಾನವೂ 36,000 ಅಡಿಯಲ್ಲಿ ಒಂದರ ದಾರಿಗೆ ಒಂದು ಅಡ್ಡ ಬರುತ್ತಿರುವುದನ್ನು ಅವರು ತಡವಾಗಿ ಗಮನಿಸಿ, ಟುಪೊಲೆವ್‌ಗೆ ಇಳಿಯಲು ಹೇಳಿದರು. ಕೆಲವೇ ಸೆಕೆಂಡುಗಳಲ್ಲಿ ಅದರ ಯಂತ್ರ ಏರು ಎಂದಿತು. ಏರಲು ಹೇಳುತ್ತಿದೆ ಎಂದು ಸಹಪೈಲಟ್ ಎತ್ತಿ ಹೇಳಿದರೂ ವಿಮಾನ ನಿಯಂತ್ರಕರ ಮಾತಿನಂತೆ ಇಳಿಯುತ್ತಲೇ ಹೋಯಿತು. ಡಿಎಚ್‌ಎಲ್ ತನ್ನ ಯಂತ್ರದ ಮಾತು ಕೇಳಿ ಇಳಿಯಿತು. ಇಬ್ಬರೂ ಇಳಿದರು, 71 ಜನ ಸತ್ತರು. ನಿಯಂತ್ರಕರಿಗೆ ವಿಧೇಯರಾಗಿದ್ದೇ ಟುಪೊಲೆವ್ ಸಿಬ್ಬಂದಿಗೆ ಮುಳುವಾಯಿತು. ಅವರನ್ನು ದೂರುವುದು ಕಷ್ಟ, ಏಕೆಂದರೆ ಅವರ ಮುಂದಿದ್ದ ಕೈಪಿಡಿಗಳೇ ಈ ವಿಷಯದಲ್ಲಿ ಒಂದೇ ಮಾತು ಆಡುತ್ತಿರಲಿಲ್ಲ. ಅದಕ್ಕೆ ಒಂದೂವರೆ ವರ್ಷ ಮೊದಲೇ, 2001ರ ಜನವರಿಯಲ್ಲಿ, ಜಪಾನಿನ ಎರಡು ದೊಡ್ಡ ವಿಮಾನಗಳು ಇದೇ ಗೊಂದಲದಲ್ಲಿ ಕೂದಲೆಳೆಯಲ್ಲಿ ತಪ್ಪಿಸಿಕೊಂಡಿದ್ದವು. ಅದನ್ನು ಆಗಲೇ ಗಂಭೀರವಾಗಿ ತೆಗೆದುಕೊಳ್ಳಬೇಕಾಗಿತ್ತು.

ಈಗ ನಿಯಮದಲ್ಲಿ ಸಂದಿಗ್ಧವಿಲ್ಲ. ಯಂತ್ರ ಏರು ಅಥವಾ ಇಳಿ ಎಂದರೆ ಪೈಲಟ್ ತಕ್ಷಣ ಹಾಗೆ ಮಾಡಬೇಕು, ನಿಯಂತ್ರಕರು ಬೇರೆ ಹೇಳುತ್ತಿದ್ದರೂ ಅದಕ್ಕೆ ವಿರುದ್ಧವಾಗಿ ಹೋಗಬಾರದು, ಕೈ ಬಿಡುವಾದ ಕೂಡಲೇ ‘ಟಿಕ್ಯಾಸ್ ಆರ್‌ಎ’, ಅಂದರೆ ಯಂತ್ರದ ಸೂಚನೆಯಂತೆ ಹೋಗುತ್ತಿದ್ದೇನೆ, ಎಂದು ತಿಳಿಸಬೇಕು. ಅದನ್ನು ಕೇಳಿದ ನಿಯಂತ್ರಕರು, ಅಪಾಯ ಕಳೆಯಿತೆಂದು ಪೈಲಟ್ ಹೇಳುವವರೆಗೆ ಆ ವಿಮಾನದ ದಾರಿ ಬದಲಿಸಲು ಹೋಗಕೂಡದು. ಆಮೇಲೆ ಪೈಲಟ್ ಮೊದಲಿನ ಅನುಮತಿಗೆ ಮರಳುತ್ತಾನೆ.

ಯಂತ್ರದ ಮಾತಿಲ್ಲದೆಯೂ ಪೈಲಟ್ ‘ಅನೇಬಲ್’, ಅಂದರೆ ಆಗದು, ಎನ್ನಬಹುದು. ಚೌಕದಲ್ಲಿ ನಿಂತು ಕೈ ಬೀಸುವ ಪೊಲೀಸಿನವನಿಗೆ ನಿಮ್ಮ ಗಾಡಿಯ ಬ್ರೇಕ್ ಹೋಗಿರುವುದು ಗೊತ್ತಾಗುವುದು ನೀವು ಹೇಳಿದರೆ ತಾನೆ? ಸಿಡಿಲಮೋಡದತ್ತ ತಿರುಗಲು ಹೇಳಿದರೆ ಆಗದು ಎಂದು ಕಾರಣ ಕೊಟ್ಟು ಬೇರೆ ದಾರಿ ಕೇಳುವುದು ನಿತ್ಯದ ಸಂಗತಿ. ಇಳಿಯುವಾಗ ರನ್‌ವೇ ಮೇಲೆ ಏನೋ ಅಡ್ಡ ಕಂಡು ಮತ್ತೆ ಮೇಲೇರಲು ಯಾರನ್ನೂ ಕೇಳಬೇಕಿಲ್ಲ. ಏರಿದ ಮೇಲೆ ತಿಳಿಸಿದರೆ ಸಾಕು. 2009ರ ಜನವರಿ 15ರಂದು ನ್ಯೂಯಾರ್ಕಿನಲ್ಲಿ ಹಕ್ಕಿಗಳು ಬಡಿದು ವಿಮಾನವೊಂದರ ಎರಡೂ ಎಂಜಿನ್ ಶಕ್ತಿ ಕಳೆದುಕೊಂಡಾಗ, ನಿಯಂತ್ರಕರು ಒಂದರ ಮೇಲೊಂದು ರನ್‌ವೇ ತೆರವು ಮಾಡಿ ಮುಂದಿಟ್ಟರು. ಕ್ಯಾಪ್ಟನ್ ಸಲ್ಲೆನ್‌ಬರ್ಗರ್ ಆಗದು ಎಂದು, ಹಡ್ಸನ್ ನದಿಗೆ ಇಳಿಯುತ್ತೇವೆ ಎಂದರು. 155 ಜನರೂ ಬದುಕಿದರು. ಅಲ್ಲಿ ಚರ್ಚೆಗೆ ಕೂತಿದ್ದರೆ ಇದ್ದ ಸಮಯ ಅದಕ್ಕೇ ಸರಿಹೋಗುತ್ತಿತ್ತು.

ಆದರೆ ಹೇಳಬೇಕಾದ್ದನ್ನು ಹೇಳಬೇಕಾದ ಮಾತಿನಲ್ಲೇ ಹೇಳಬೇಕು. ಅದೇ ನ್ಯೂಯಾರ್ಕಿಗೆ 1990ರ ಜನವರಿ 25ರಂದು ಕೊಲಂಬಿಯಾದಿಂದ ಬಂದ ಅವಿಯಾಂಕಾ ವಿಮಾನವನ್ನು ಹವಾಮಾನದ ಕಾರಣ ಒಂದು ಗಂಟೆಗೂ ಹೆಚ್ಚು ಕಾಲ ಸುತ್ತು ಹಾಕಿಸಲಾಯಿತು. ಇಂಧನ ಮುಗಿಯುತ್ತಿದೆ, ಆದ್ಯತೆ ಬೇಕು ಎಂದು ಸಿಬ್ಬಂದಿ ಹೇಳಿದರೇ ಹೊರತು ತುರ್ತುಸ್ಥಿತಿ ಎಂದು ಘೋಷಿಸಲಿಲ್ಲ. ಮಂದ ದನಿಯಲ್ಲಿ ಬಂದ ಆ ಕೋರಿಕೆ ನಿಯಂತ್ರಕರಿಗೆ ಹತ್ತರಲ್ಲಿ ಹನ್ನೊಂದಾಗಿ ಕೇಳಿಸಿತು. ಟ್ಯಾಂಕ್ ಬರಿದಾಗಿ ವಿಮಾನ ಬಿದ್ದು 73 ಜನ ತೀರಿಕೊಂಡರು. ಈಗ ಅಂಥ ಸ್ಥಿತಿಯಲ್ಲಿ, ಪ್ರಾಣಾಪಾಯದ ಕರೆಯಾದ ‘ಮೇಡೇ’ಯನ್ನು ಮೂರು ಸಲ ಹೇಳಿ ‘ಫ್ಯೂಯಲ್’ ಎಂದು ಸೇರಿಸಿ ಕರೆಯಲೇಬೇಕು, ಕರೆದವನಿಗೆ ಎಲ್ಲರೂ ದಾರಿ ಬಿಡುತ್ತಾರೆ.

ರೇಡಿಯೋ ಪೂರ್ತಿ ಕೆಟ್ಟರೆ? ವಿಮಾನದ ಗುರುತನ್ನು ರೇಡಾರಿಗೆ ತಿಳಿಸುವ ಟ್ರಾನ್ಸ್‌ಪಾಂಡರ್ ಎಂಬ ಸಾಧನದಲ್ಲಿ 7600 ಎಂಬ ಸಂಖ್ಯೆ ಹಾಕಿದರೆ ನೆಲದವರಿಗೆ ವಿಷಯ ತಿಳಿಯುತ್ತದೆ. ಗೋಪುರದಿಂದ ಬೀರುವ ದೀಪವೇ ಆಗ ಮಾತು: ಹಾರಾಟದಲ್ಲಿರುವವನಿಗೆ ನಿಶ್ಚಲ ಹಸಿರು ಎಂದರೆ ಇಳಿಯಬಹುದು, ನಿಶ್ಚಲ ಕೆಂಪು ಎಂದರೆ ಬೇರೆಯವರಿಗೆ ದಾರಿ ಬಿಟ್ಟು ಸುತ್ತುತ್ತಿರಬೇಕು.

ಕೊನೆಯದಾಗಿ ನಮ್ಮ ಊರಿನದೇ ಒಂದು ಪ್ರಸಂಗ. 2022ರ ಜನವರಿ 7ರ ಬೆಳಿಗ್ಗೆ ಕೆಂಪೇಗೌಡ ನಿಲ್ದಾಣದ ಎರಡು ಸಮಾನಾಂತರ ರನ್‌ವೇಗಳಿಂದ ಕೋಲ್ಕತ್ತಕ್ಕೂ ಭುವನೇಶ್ವರಕ್ಕೂ ಹೊರಟ ಎರಡು ವಿಮಾನಗಳು ಬಹುತೇಕ ಏಕಕಾಲಕ್ಕೆ ಮೇಲೆದ್ದು ಒಂದರತ್ತ ಒಂದು ಬಂದವು. ಪೈಲಟ್‌ಗಳಿಬ್ಬರೂ ಅನುಮತಿಗೆ ಕಾದವರೇ, ಅನುಮತಿಯಂತೆಯೇ ಹಾರಿದವರೇ. ಒಂದೇ ರನ್‌ವೇ ಬಳಸಬೇಕೆಂದು ಪಾಳಿಯ ಮೇಲ್ವಿಚಾರಕರು ಮಾಡಿದ್ದ ತೀರ್ಮಾನ ಇನ್ನೊಂದು ರನ್‌ವೇಯ ನಿಯಂತ್ರಕರಿಗೆ ತಲುಪಿರಲಿಲ್ಲ. ರೇಡಾರಿನ ಮುಂದಿದ್ದ ಮತ್ತೊಬ್ಬ ನಿಯಂತ್ರಕರು ಅದನ್ನು ಕಂಡು ಎರಡನ್ನೂ ಬೇರೆಬೇರೆ ದಿಕ್ಕಿಗೆ ತಿರುಗಿಸಿದರು. ಪೈಲಟ್‌ಗಳು ಏಕೆ ಎಂದು ಕೇಳುತ್ತ ಕೂರದೆ ಕೂಡಲೇ ತಿರುಗಿದರು.

ನಮಸ್ಕಾರ.