‘ಲಸಿಕೆ’ ಅಂತ ಹುಡುಕಿದರೆ ಸಿಗದ ಮಾತು

ಕೇಳುಗರೇ, ನಮಸ್ಕಾರ. 2017ರ ಫೆಬ್ರವರಿ ನೆನಪಿದೆಯಾ? 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆ ಹಾಕುವ ಅಭಿಯಾನ ನಮ್ಮ ರಾಜ್ಯದಲ್ಲಿ ಶುರುವಾಯಿತು. ಜೊತೆಗೇ ವಾಟ್ಸಾಪ್‌ನಲ್ಲಿ ‘ಹಾಕಿಸಬೇಡಿ’ ಅನ್ನೋ ಸಂದೇಶಗಳೂ ಓಡಾಡಿದವು. ಅವನ್ನು ಯಾರು ನಂಬಿದರು, ಯಾಕೆ ನಂಬಿದರು? ಇದನ್ನು ಪತ್ತೆ ಮಾಡೋದು ಸುಲಭ ಅಲ್ಲ.

ಹುಡುಕೋದರಲ್ಲೇ ಮೊದಲ ತೊಡಕು. ಯೂಟ್ಯೂಬ್, ಫೇಸ್‌ಬುಕ್ ಕಾಮೆಂಟುಗಳಲ್ಲಿ ‘ಲಸಿಕೆ’ ಅಂತ ಹುಡುಕಿದರೆ ಜಾಸ್ತಿ ಸಿಗೋದು ಇಲಾಖೆಯ ಪ್ರಕಟಣೆ, ಪೇಪರಿನ ಸುದ್ದಿ. ತಾಯಂದಿರು ಬರೆಯೋದು ಇಂಜೆಕ್ಷನ್, ಸೂಜಿ, ಚುಚ್ಚುಮದ್ದು ಅಂತ, ಅದೂ ಎಷ್ಟೋ ಸಲ ಇಂಗ್ಲಿಷ್ ಅಕ್ಷರದಲ್ಲಿ, ಒಬ್ಬೊಬ್ಬರದು ಒಂದೊಂದು ಸ್ಪೆಲ್ಲಿಂಗು. ಅದಕ್ಕೇ ನಾನು ಹೇಳೋದು, ಪದಗಳ ಪಟ್ಟಿ ಮಾಡೋ ಮೊದಲು ಅಂಗನವಾಡಿಯಲ್ಲಿ ಒಂದು ಬೆಳಗ್ಗೆ ಕೂತು ಕೇಳಿ.

ಆಮೇಲೆ ವಿಂಗಡಣೆ. ‘ನಮ್ ಪಾಪುಗೆ ಹಾಕಿಸಿಲ್ಲ, ನೀವು ಹಾಕಿಸಿದ್ರಾ?’ ಇಂಥದೊಂದು ಸಾಲು ಬಂತು ಅಂತಿಟ್ಟುಕೊಳ್ಳಿ. ಇದು ವಿರೋಧವಾ, ಭಯವಾ, ಸುಮ್ನೆ ವಿಚಾರಿಸೋದಾ? ಇಬ್ಬರು ಬೇರೆಬೇರೆ ಕೂತು ಗುರುತು ಹಾಕಬೇಕು, ಎಷ್ಟು ಕಡೆ ಒಪ್ಪಿದ್ದಾರೆ ಅಂತ ಲೆಕ್ಕ ನೋಡಬೇಕು. ಈ ಲೆಕ್ಕಕ್ಕೆ ಕೋಹೆನ್ಸ್ ಕಪ್ಪಾ ಅಂತಾರೆ. ಇಬ್ಬರೂ ಸುಮ್ನೆ ಊಹೆ ಮೇಲೆ ಹಾಕಿದರೂ ಕೆಲವು ಕಡೆ ಹೊಂದಿಬಿಡುತ್ತೆ ಅಲ್ವಾ, ಅದನ್ನೂ ಇದು ಗಣನೆಗೆ ತಗೊಳ್ಳುತ್ತೆ. ಹೊಂದದೇ ಇದ್ದ ಸಾಲುಗಳನ್ನು ಮಾತ್ರ ಬಿಸಾಕಬೇಡಿ, ಜನ ಇನ್ನೂ ಮನಸ್ಸು ಗಟ್ಟಿ ಮಾಡಿಕೊಳ್ಳದ ಜಾಗ ಅಲ್ಲೇ ಕಾಣೋದು.

ಇಷ್ಟೆಲ್ಲ ಯಾಕೆ, ಮಾಹಿತಿಯ ರಾಶಿ ದೊಡ್ಡದಿದ್ದರೆ ಸಾಕು ಅನ್ನೋರೂ ಇದ್ದಾರೆ. ಜನ ಏನು ಹುಡುಕ್ತಾರೆ ಅನ್ನೋದರಿಂದಲೇ ಜ್ವರ ಎಷ್ಟು ಹರಡಿದೆ ಅಂತ ಹೇಳಲು ಗೂಗಲ್ 2008ರಲ್ಲಿ ಫ್ಲೂ ಟ್ರೆಂಡ್ಸ್ ಶುರು ಮಾಡಿತು. 2012-13ರ ಚಳಿಗಾಲದಲ್ಲಿ ಅಮೆರಿಕದಲ್ಲಿ ಅದರ ಅಂದಾಜು ಸರ್ಕಾರಿ ಲೆಕ್ಕದ ಸುಮಾರು ಎರಡರಷ್ಟಾಯಿತು. ಹುಡುಕಿದವರೆಲ್ಲ ಕಾಯಿಲೆಯವರಲ್ಲ, ಸುದ್ದಿ ನೋಡಿ ಹೆದರಿದವರೂ ಹುಡುಕ್ತಾರೆ.

ವಾಟ್ಸಾಪ್ ಅಂತೂ ಹೊರಗಿನಿಂದ ಕಾಣೋದೇ ಇಲ್ಲ. ಒಬ್ಬರು ತಮ್ಮ ಫೋನು ಕೊಟ್ಟರೂ ಆ ಗ್ರೂಪಿನಲ್ಲಿ ಇನ್ನೂ ನೂರು ಜನರ ಮಾತು ಇರುತ್ತೆ, ಅವರು ಒಪ್ಪಿಲ್ಲ. ಹಾಗಾಗಿ ನನಗೆ ಸರಿ ಅನ್ನಿಸೋ ದಾರಿ ಒಂದೇ. ಗ್ರೂಪು ಬೇಡ, ‘ನಿಮಗೆ ಬಂದ ಒಂದು ಫಾರ್ವರ್ಡ್ ಮಾತ್ರ ತೋರಿಸಿ’ ಅಂತ ಕೇಳಿ. ಮೇಲೆ ಜೋಡಿ ಬಾಣದ ಗುರುತಿದ್ದರೆ ಅದು ತುಂಬಾ ಕೈ ದಾಟಿ ಬಂದಿದೆ. ಯಾರು ಕಳಿಸಿದ್ರು ಅಂತ ಕೇಳಿದರೆ ಅತ್ತಿಗೆ, ಸೋದರಮಾವ, ಮಗುವಿನ ಸ್ಕೂಲ್ ವ್ಯಾನ್ ಡ್ರೈವರ್ ಅಂತ ಉತ್ತರ ಬರುತ್ತೆ. ಆ ಹೆಸರನ್ನು ಬರೆದುಕೊಳ್ಳಬೇಡಿ. ಸಂಬಂಧ ಬರೆದುಕೊಳ್ಳಿ.