ವಾಪಸ್ ಹೋದ ಪಾಕೀಟು: ಕ್ರೀಡೆಯ ದೊಡ್ಡ ಕುರ್ಚಿಗಳ ಲೆಕ್ಕ ಸಿಕ್ಕಿಬಿದ್ದದ್ದು ಹೇಗೆ?

[ದೃಶ್ಯ: ಹಾವೇರಿಯ ಜಿಲ್ಲಾ ಕ್ರೀಡಾಂಗಣ, ಬೆಳಿಗ್ಗೆ ಆರೂವರೆ. ಟ್ರ್ಯಾಕ್ ಮೇಲೆ ಓಡುತ್ತಿರುವ ಹುಡುಗಿಯರು.]

ನಮಸ್ಕಾರ. ಹೈಸ್ಕೂಲಿನಲ್ಲಿದ್ದಾಗ ನಾನೂ ಓಡುತ್ತಿದ್ದೆ. 1500 ಮೀಟರ್. ಒಂಬತ್ತನೇ ಕ್ಲಾಸಿನಲ್ಲಿ ಮೊದಲ ಸಲ ನಮ್ಮ ಜಿಲ್ಲೆ ದಾಟಿ ಧಾರವಾಡಕ್ಕೆ ಓಡಲು ಹೋದೆ. ಓಟ ಮುಗಿದ ಮೇಲೆ ಬಸ್ ಚಾರ್ಜ್ ಕೊಡುತ್ತಾರೆ ಅಂದರು. ಒಬ್ಬರು ಟೇಬಲ್ ಹಾಕಿಕೊಂಡು ಕೂತಿದ್ದರು. ಮುಂದೆ ವೋಚರ್ ಪುಸ್ತಕ, ಹಾಳೆಯ ಕೆಳಗೆ ನೀಲಿ ಕಾರ್ಬನ್. ನನ್ನ ಹೆಸರು ಬರೆದಿತ್ತು. ಮೊತ್ತದ ಜಾಗ ಖಾಲಿ ಇತ್ತು. 'ಲಗೂನ ಸಹಿ ಮಾಡ ತಂಗಿ, ಹಿಂದ ಪಾಳಿ ಐತಿ' ಅಂದರು. ಮಾಡಿದೆ. ಕೈಗೆ ಐವತ್ತು ರೂಪಾಯಿ ಬಂತು, ಜೊತೆಗೆ ಒಂದು ಪೊಟ್ಟಣ ಉಪ್ಪಿಟ್ಟು. ಆ ಖಾಲಿ ಜಾಗ ಆಮೇಲೆ ತುಂಬಿತು. ನನ್ನೆದುರಿಗಲ್ಲ.

ಇವತ್ತಿನ ವಿಷಯ ಆ ಐವತ್ತು ರೂಪಾಯಿ ಅಲ್ಲ. ಫುಟ್‌ಬಾಲ್, ಅಥ್ಲೆಟಿಕ್ಸ್, ವೇಟ್‌ಲಿಫ್ಟಿಂಗ್, ಇವನ್ನೆಲ್ಲ ಇಡೀ ಜಗತ್ತಿಗೆ ನಡೆಸುವ ಸಂಸ್ಥೆಗಳ ದೊಡ್ಡವರ ಮೇಲೆ ನಡೆದ ತನಿಖೆಗಳ ಬಗ್ಗೆ ಹೇಳುತ್ತೇನೆ. ಆದರೆ ಆ ಖಾಲಿ ಜಾಗವನ್ನು ನೆನಪಿಟ್ಟುಕೊಳ್ಳಿ. ಕಥೆಯೆಲ್ಲ ಅಲ್ಲೇ ಇದೆ.

[ದೃಶ್ಯ: ನಕ್ಷೆ. ಕೆರಿಬಿಯನ್ ಸಮುದ್ರ, ಟ್ರಿನಿಡಾಡ್.]

2011ರ ಮೇ ತಿಂಗಳು. ಟ್ರಿನಿಡಾಡ್‌ನ ಪೋರ್ಟ್ ಆಫ್ ಸ್ಪೇನ್ ನಗರ, ಒಂದು ದೊಡ್ಡ ಹೋಟೆಲ್. ಜಗತ್ತಿನ ಫುಟ್‌ಬಾಲ್ ನಡೆಸುವ ಫಿಫಾ ಸಂಸ್ಥೆಯ ಅಧ್ಯಕ್ಷರ ಚುನಾವಣೆ ಹತ್ತಿರ ಬಂದಿತ್ತು. ಕತಾರ್‌ನ ಮೊಹಮ್ಮದ್ ಬಿನ್ ಹಮ್ಮಾಮ್ ಅಭ್ಯರ್ಥಿ. ಅವರು ಕೆರಿಬಿಯನ್ ದೇಶಗಳ ಫುಟ್‌ಬಾಲ್ ಪದಾಧಿಕಾರಿಗಳ ಮುಂದೆ ಭಾಷಣ ಮಾಡಿದರು. ಆಮೇಲೆ ಆ ಪದಾಧಿಕಾರಿಗಳಿಗೆ ಒಬ್ಬೊಬ್ಬರಾಗಿ ಒಂದು ರೂಮಿಗೆ ಕರೆ ಬಂತು. ಬಹಾಮಾಸ್‌ನಿಂದ ಬಂದಿದ್ದ ಫ್ರೆಡ್ ಲನ್ ಒಳಗೆ ಹೋದಾಗ ಅವರ ಕೈಗೆ ಒಂದು ಪಾಕೀಟು ಬಂತು. ತೆರೆದು ನೋಡಿದರೆ ನಗದು, 40 ಸಾವಿರ ಡಾಲರ್. ಇದು ಉಡುಗೊರೆ, ಯಾರಿಗೂ ಹೇಳಬೇಡಿ ಅನ್ನುವ ಮಾತೂ ಜೊತೆಗೇ ಬಂತು.

ಲನ್ ತಮ್ಮ ದೇಶದ ಸಂಸ್ಥೆಯ ಅಧ್ಯಕ್ಷರಿಗೆ ಸುದ್ದಿ ಮುಟ್ಟಿಸಿದರು. ವಾಪಸ್ ಕೊಡಿ ಅಂದರು ಅವರು. ಲನ್ ಕೊಟ್ಟರು. ಆದರೆ ಕೊಡುವ ಮೊದಲು ರೊಕ್ಕದ ಒಂದು ಫೋಟೋ ತೆಗೆದಿಟ್ಟುಕೊಂಡರು. ನನ್ನನ್ನು ಕೇಳಿದರೆ ಫಿಫಾದ ಇಡೀ ಕಥೆಯಲ್ಲಿ ಅದಕ್ಕಿಂತ ದೊಡ್ಡ ಕೆಲಸ ಇನ್ನೊಂದಿಲ್ಲ. ಅದೇ ಹೋಟೆಲಿನಲ್ಲಿ ಪಾಕೀಟು ಇಟ್ಟುಕೊಂಡವರೂ ಇದ್ದರು. ಅವರ ನಡುವೆ ನಿಂತು ವಾಪಸ್ ಕೊಡುವುದಕ್ಕೆ ಎದೆ ಗಟ್ಟಿ ಇರಬೇಕು.

ಇಷ್ಟು ಸಣ್ಣ ದ್ವೀಪಗಳಿಗೆ ಅಷ್ಟೊಂದು ರೊಕ್ಕ ಯಾಕೆ? ಫಿಫಾದಲ್ಲಿ ಒಂದು ಸಂಸ್ಥೆಗೆ ಒಂದು ಓಟು. ಈಗ 211 ಸದಸ್ಯರಿದ್ದಾರೆ. ಐದು ಸಲ ವಿಶ್ವಕಪ್ ಗೆದ್ದ ಬ್ರೆಜಿಲ್‌ಗೂ ಒಂದೇ ಓಟು, ಸುಮಾರು ಐದು ಸಾವಿರ ಜನ ಇರುವ ಮಾಂಟ್ಸೆರಾಟ್ ದ್ವೀಪಕ್ಕೂ ಒಂದೇ ಓಟು. ಕೇಳಲು ನ್ಯಾಯ ಅನಿಸುತ್ತೆ. ನಿಯಮವೂ ತಪ್ಪಲ್ಲ. ಆದರೆ ಆ ಸಂಸ್ಥೆಗಳಿಗೆ ಪ್ರತಿವರ್ಷ ಅಭಿವೃದ್ಧಿ ಹಣ ಹೋಗುವುದು ಮೇಲಿಂದಲೇ. ಅಂದರೆ ಓಟು ಹಾಕುವವರು ಯಾರ ಕಡೆ ಕೈ ಚಾಚಬೇಕೋ ಅವರಿಗೇ ಓಟು ಹಾಕುತ್ತಾರೆ. ಹೀಗಿದ್ದಾಗ ಲೆಕ್ಕ ಕೇಳುವವರು ಯಾರು?

ಬಿನ್ ಹಮ್ಮಾಮ್‌ಗೆ ಫಿಫಾ ಆಜೀವ ನಿಷೇಧ ಹಾಕಿತು. ಸಾಕ್ಷ್ಯ ಸಾಲದು ಎಂದು ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯ 2012ರ ಜುಲೈನಲ್ಲಿ ಅದನ್ನು ರದ್ದು ಮಾಡಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಬೇರೆ ಆರೋಪಗಳ ಮೇಲೆ ಮತ್ತೆ ನಿಷೇಧ ಬಂತು.

[ದೃಶ್ಯ: ಜೂರಿಕ್ ನಗರ, ಬೆಳಗಿನ ಜಾವ.]

ಮುಂದಿನದು ನಿಮಗೆ ನೆನಪಿರಬಹುದು. 2015ರ ಮೇ 27, ಸ್ವಿಟ್ಜರ್‌ಲ್ಯಾಂಡ್‌ನ ಜೂರಿಕ್. ಬಾರ್ ಓ ಲಾಕ್ ಹೋಟೆಲಿಗೆ ಬೆಳಗಿನ ಜಾವ ಸ್ವಿಸ್ ಪೊಲೀಸರು ಬಂದರು. ಫುಟ್‌ಬಾಲಿನ ಏಳು ದೊಡ್ಡವರನ್ನು ಎಬ್ಬಿಸಿ ಕರೆದೊಯ್ದರು. ಕ್ಯಾಮೆರಾ ಕಣ್ಣಿಗೆ ಬೀಳದಂತೆ ಹೋಟೆಲಿನವರು ಬೆಡ್‌ಶೀಟ್ ಅಡ್ಡ ಹಿಡಿದಿದ್ದರು. ಕೇಸು ಹಾಕಿದ್ದು ಅಮೆರಿಕ. ಟಿವಿ ಹಕ್ಕು, ಜಾಹೀರಾತು ಹಕ್ಕುಗಳಿಗಾಗಿ ಇಪ್ಪತ್ತನಾಲ್ಕು ವರ್ಷಗಳಲ್ಲಿ 15 ಕೋಟಿ ಡಾಲರಿಗೂ ಜಾಸ್ತಿ ಲಂಚ ಓಡಾಡಿದೆ ಎಂಬುದು ಆರೋಪ.

ಜೂರಿಕ್‌ನ ಸಂಸ್ಥೆಯವರ ಮೇಲೆ ಅಮೆರಿಕದ ಕೇಸು ಯಾಕೆ ಅಂತ ಆಗ ಎಷ್ಟೋ ಜನ ಕೇಳಿದರು. ಡಾಲರ್ ಅಮೆರಿಕದ ಬ್ಯಾಂಕುಗಳನ್ನು ಹಾದು ಹೋಗಿತ್ತು, ಅದಕ್ಕೆ. ಇನ್ನು ಸ್ವಿಟ್ಜರ್‌ಲ್ಯಾಂಡ್ ಕಾನೂನಿನಲ್ಲಿ ಫಿಫಾ ಒಂದು ಸಂಘ. ನಮ್ಮೂರಿನ ಯುವಕ ಸಂಘ ಇದೆಯಲ್ಲ, ಹಾಗೆಯೇ. ಖಾಸಗಿ ಲಂಚದ ಮೇಲೆ ಯಾರೂ ದೂರು ಕೊಡದಿದ್ದರೂ ಸರ್ಕಾರವೇ ಕೇಸು ಹಾಕಬಹುದು ಎಂದು ಅಲ್ಲಿ ಕಾನೂನು ಬದಲಾದದ್ದು 2016ರಲ್ಲಿ. ಅಷ್ಟು ವರ್ಷ ಬಾಗಿಲು ಹಾಗೇ ತೆರೆದಿತ್ತು.

ಒಂದು ಮಾತು ಇಲ್ಲಿ ಹೇಳಲೇಬೇಕು. ಆಗ ಫಿಫಾ ಅಧ್ಯಕ್ಷರಾಗಿದ್ದ ಸೆಪ್ ಬ್ಲಾಟರ್ ಜೈಲಿಗೆ ಹೋದರು ಅಂತ ನಮ್ಮ ಕಮೆಂಟುಗಳಲ್ಲಿ ಆಗಾಗ ಬರುತ್ತದೆ. ಹೋಗಿಲ್ಲ. ಫಿಫಾದ ನೀತಿ ಸಮಿತಿ ಅವರನ್ನು ನಿಷೇಧಿಸಿತು, ಅದು ನಿಜ. ಆದರೆ ಯುರೋಪಿನ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷರಾಗಿದ್ದ ಮಿಶೆಲ್ ಪ್ಲಾಟಿನಿಗೆ ಕೊಟ್ಟ 20 ಲಕ್ಷ ಸ್ವಿಸ್ ಫ್ರಾಂಕ್ ಕೇಸಿನಲ್ಲಿ ಕೋರ್ಟು ಇಬ್ಬರನ್ನೂ 2022ರಲ್ಲಿ ಬಿಟ್ಟಿತು, 2025ರಲ್ಲಿ ಮೇಲಿನ ಕೋರ್ಟೂ ಬಿಟ್ಟಿತು. ಸಿಟ್ಟು ಇರಲಿ. ಸಿಟ್ಟಿನಲ್ಲಿ ಸುಳ್ಳು ಹೇಳುವುದು ಬೇಡ.

[ದೃಶ್ಯ: ಧಾರವಾಡ ಜಿಲ್ಲೆಯ ಒಂದು ಊರು. ಗರಡಿಮನೆ, ಕೆಂಪು ಮಣ್ಣು, ಮೂಲೆಯಲ್ಲಿ ಗುಂಡುಕಲ್ಲು.]

ನನ್ನ ಹೊಟ್ಟೆ ಉರಿಸಿದ್ದು ಫುಟ್‌ಬಾಲ್ ಅಲ್ಲ, ವೇಟ್‌ಲಿಫ್ಟಿಂಗ್. ನಮ್ಮ ಕಡೆ ಜಾತ್ರೆಯಲ್ಲಿ ಗುಂಡುಕಲ್ಲು ಎತ್ತುವುದನ್ನು ನೋಡಿದ್ದೀರಿ ಅಲ್ವಾ? ಎಲ್ಲರ ಕಣ್ಣೆದುರಿಗೇ ಕಲ್ಲು ಏಳುತ್ತದೆ ಅಥವಾ ಏಳುವುದಿಲ್ಲ. ಅಂಥ ಆಟ ಅದು. ಬಡವರ ಮಕ್ಕಳ ಆಟ ಕೂಡ.

ಅದರ ಜಾಗತಿಕ ಸಂಸ್ಥೆಯಲ್ಲಿ ಹಂಗೇರಿಯ ತಮಾಶ್ ಅಯಾನ್ 1976ರಿಂದ ಪ್ರಧಾನ ಕಾರ್ಯದರ್ಶಿ, 2000ದಿಂದ ಅಧ್ಯಕ್ಷ. ಸೇರಿಸಿದರೆ ನಲವತ್ತನಾಲ್ಕು ವರ್ಷ. 2020ರ ಜನವರಿಯಲ್ಲಿ ಜರ್ಮನಿಯ ಎಆರ್‌ಡಿ ಟಿವಿ ಅವರ ಮೇಲೆ ವರದಿ ಮಾಡಿತು. ಏಪ್ರಿಲ್‌ನಲ್ಲಿ ಅವರು ರಾಜೀನಾಮೆ ಕೊಟ್ಟರು. ಜೂನ್‌ನಲ್ಲಿ ಕೆನಡಾದ ವಕೀಲ ರಿಚರ್ಡ್ ಮೆಕ್‌ಲಾರೆನ್ ಅವರ ತನಿಖಾ ವರದಿ ಬಂತು. 1 ಕೋಟಿ 4 ಲಕ್ಷ ಡಾಲರಿಗೆ ಲೆಕ್ಕವೇ ಇರಲಿಲ್ಲ. ಆಟಗಾರರು ಡೋಪಿಂಗ್‌ನಲ್ಲಿ, ಅಂದರೆ ನಿಷೇಧಿತ ಔಷಧಿ ತೆಗೆದುಕೊಂಡು, ಸಿಕ್ಕಿಬಿದ್ದರೆ ಅವರ ದೇಶದ ಸಂಸ್ಥೆ ದಂಡ ಕಟ್ಟಬೇಕಿತ್ತು. ಆ ದಂಡವನ್ನು ಅಯಾನ್ ನಗದಾಗಿ ತಾವೇ ತೆಗೆದುಕೊಳ್ಳುತ್ತಿದ್ದರು. ಬ್ಯಾಂಕಿನಿಂದ ದೊಡ್ಡ ಮೊತ್ತದ ನಗದು ಬಿಡಿಸುತ್ತಿದ್ದರು. ಸಂಸ್ಥೆಯ ಉಳಿದ ಪದಾಧಿಕಾರಿಗಳಿಗೆ ಲೆಕ್ಕ ಕಾಣುತ್ತಿರಲಿಲ್ಲ. ಅಧ್ಯಕ್ಷರ ಚುನಾವಣೆಯಲ್ಲಿ ಓಟಿಗೆ ರೊಕ್ಕ ಹಂಚಿದ್ದೂ ವರದಿಯಲ್ಲಿದೆ. 40 ಡೋಪಿಂಗ್ ಪಾಸಿಟಿವ್ ಫಲಿತಾಂಶಗಳನ್ನು ಮುಚ್ಚಿಟ್ಟಿದ್ದರು ಎಂದೂ ಅದು ಹೇಳಿತು. ಚಿನ್ನ, ಬೆಳ್ಳಿ ಗೆದ್ದವರೂ ಅದರಲ್ಲಿದ್ದರು. ಅಯಾನ್ ತಪ್ಪು ಒಪ್ಪಿಕೊಳ್ಳಲಿಲ್ಲ. 2022ರಲ್ಲಿ ಕ್ರೀಡಾ ನ್ಯಾಯಾಲಯ ಅವರಿಗೆ ಆಜೀವ ನಿಷೇಧ ಹಾಕಿತು.

ಈಗ ಆ 40 ಫಲಿತಾಂಶಗಳನ್ನು ಇನ್ನೊಂದು ಕಡೆಯಿಂದ ನೋಡಿ. ಔಷಧಿ ಮುಟ್ಟದೆ ಎತ್ತಿ ನಾಲ್ಕನೇ ಜಾಗಕ್ಕೆ ನಿಂತ ಹುಡುಗ ಮನೆಗೆ ಹೋಗಿ ಏನು ಹೇಳಿದ? 'ನನ್ನ ಶಕ್ತಿ ಇಷ್ಟೇ' ಅಂದಿರುತ್ತಾನೆ. ಪದಕ ಆಮೇಲೆ ಪೋಸ್ಟಿನಲ್ಲಿ ಬರಬಹುದು. ಆ ಮಾತನ್ನು ನಂಬಿ ಆಟ ಬಿಟ್ಟಿದ್ದರೆ ಆ ವರ್ಷಗಳು ಬರುವುದಿಲ್ಲ.

[ದೃಶ್ಯ: ಮ್ಯಾರಥಾನ್ ಓಟ.]

ಅಥ್ಲೆಟಿಕ್ಸ್‌ನಲ್ಲೂ ಇದೇ ಆಯಿತು. ಲಿಲಿಯಾ ಶೋಬುಖೋವಾ ರಷ್ಯಾದ ಮ್ಯಾರಥಾನ್ ಓಟಗಾರ್ತಿ. ಶಿಕಾಗೋ ಮ್ಯಾರಥಾನ್ ಸತತ ಮೂರು ಸಲ ಗೆದ್ದವರು. ಅವರ ರಕ್ತದ ದಾಖಲೆ ಡೋಪಿಂಗ್ ಕಡೆ ಬೆರಳು ತೋರಿಸುತ್ತಿತ್ತು. ಅದನ್ನು ಮುಚ್ಚಿ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಡಲು ಬಿಡುವುದಕ್ಕೆ ನಾಲ್ಕೂವರೆ ಲಕ್ಷ ಯೂರೋ ಕೊಡಬೇಕಾಯಿತು. ಓಡಿದರು, ಮುಗಿಸಲಿಲ್ಲ. ಆಮೇಲೆ ನಿಷೇಧ ತಪ್ಪಲಿಲ್ಲ. ಆಗ ಮೂರು ಲಕ್ಷ ಯೂರೋ ಅವರಿಗೆ ವಾಪಸ್ ಬಂತು, ಸಿಂಗಾಪುರದ ಒಂದು ಕಂಪನಿಯ ಖಾತೆಯಿಂದ. ಲಂಚಕ್ಕೆ ರಶೀದಿ ಇರುವುದಿಲ್ಲ. ಆದರೆ ಬ್ಯಾಂಕ್ ಮೂಲಕ ವಾಪಸ್ ಬಂದ ಹಣಕ್ಕೆ ಗುರುತು ಇರುತ್ತದೆ. 2014ರ ಡಿಸೆಂಬರ್‌ನಲ್ಲಿ ಅದೇ ಎಆರ್‌ಡಿಯ ಪತ್ರಕರ್ತ ಹಾಯೊ ಸೆಪೆಲ್ಟ್ ಇದನ್ನು ಬಯಲಿಗೆ ತಂದರು.

ದಾರಿ ಹೋಗಿ ಮುಟ್ಟಿದ್ದು ಲಮೀನ್ ಡಿಯಾಕ್ ಅವರಿಗೆ. ಸೆನೆಗಲ್‌ನವರು, 1999ರಿಂದ 2015ರವರೆಗೆ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯ ಅಧ್ಯಕ್ಷರು. ರಷ್ಯಾದ 23 ಅಥ್ಲೀಟ್‌ಗಳ ಡೋಪಿಂಗ್ ಮುಚ್ಚಿಡುವ ವ್ಯವಹಾರದಲ್ಲಿ ಅವರು ತಪ್ಪಿತಸ್ಥರು ಎಂದು 2020ರ ಸೆಪ್ಟೆಂಬರ್‌ನಲ್ಲಿ ಪ್ಯಾರಿಸ್ ಕೋರ್ಟ್ ಹೇಳಿತು. ನಾಲ್ಕು ವರ್ಷ ಜೈಲು, ಅದರಲ್ಲಿ ಎರಡು ವರ್ಷದ ಶಿಕ್ಷೆ ಅಮಾನತು, ಜೊತೆಗೆ ಐದು ಲಕ್ಷ ಯೂರೋ ದಂಡ. ಮರುವರ್ಷ ಅವರು ತೀರಿಕೊಂಡರು.

[ದೃಶ್ಯ: ಹಾವೇರಿ ಬಸ್ ನಿಲ್ದಾಣ.]

ನಮ್ಮ ದೇಶದಲ್ಲಿ 2025ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಬಂತು. ಅದರ ಪ್ರಕಾರ ಸರ್ಕಾರದ ಅನುದಾನ ಪಡೆಯುವ ಮಾನ್ಯತೆ ಪಡೆದ ಕ್ರೀಡಾ ಸಂಸ್ಥೆಗೆ ಆ ಹಣದ ಮಟ್ಟಿಗೆ ಆರ್‌ಟಿಐ ಅನ್ವಯಿಸುತ್ತದೆ. ಅನುದಾನ ಬೇಡ ಅನ್ನುವ ಶ್ರೀಮಂತ ಸಂಸ್ಥೆಗಳು ಹೊರಗೇ ಉಳಿದವು. ಅದು ನನಗೆ ಸರಿ ಅನಿಸುವುದಿಲ್ಲ. ದೇಶದ ಹೆಸರು ಹಾಕಿಕೊಂಡು ಆಡಿಸುವವರು ದೇಶಕ್ಕೆ ಲೆಕ್ಕ ಕೊಡಬೇಕು. ಆದರೂ ಸಿಕ್ಕಷ್ಟು ಬಾಗಿಲನ್ನು ಬಳಸಿ. ಪಾಲಕರೇ, ಕೋಚ್‌ಗಳೇ, ಅರ್ಜಿ ಹಾಕಿ.

ಧಾರವಾಡದ ಆ ದಿನದ್ದು ಇನ್ನೂ ಸ್ವಲ್ಪ ಇದೆ. ವಾಪಸ್ ಬರುವ ಬಸ್ಸಿನಲ್ಲಿ ನಮ್ಮ ಪಿ.ಟಿ. ಮೇಷ್ಟ್ರಿಗೆ ಖಾಲಿ ವೋಚರಿನ ವಿಷಯ ಹೇಳಿದೆ. ಅವರು ಸಿಟ್ಟಾದದ್ದು ನನ್ನ ಮೇಲೆ. 'ಅಂಕಿ ಇಲ್ಲದ ಹಾಳಿಗೆ ಸಹಿ ಯಾಕ ಮಾಡ್ದಿ?' ಅಂದರು. ಆಮೇಲೆ ಜೇಬಿನಿಂದ ಒಂದು ಚಿಕ್ಕ ನೋಟ್‌ಬುಕ್ ತೆಗೆದರು. ಶಾಲೆಯಿಂದ ತಂದಿದ್ದ ರೊಕ್ಕದ ಲೆಕ್ಕ. ಶಿಗ್ಗಾಂವಿ ದಾಟುವಾಗ, ಬಸ್ಸಿನ ಸದ್ದಿನ ಮೇಲೆ ದನಿ ಎತ್ತರಿಸಿ, ಹನ್ನೊಂದು ಮಕ್ಕಳಿಗೂ ಕೇಳುವ ಹಾಗೆ ಓದಿದರು. ಟಿಕೆಟ್ ಇಷ್ಟು. ಊಟ ಇಷ್ಟು. ಬಾಳೆಹಣ್ಣು ಒಂದು ಡಜನ್. ಗ್ಲೂಕೋಸ್ ಪೊಟ್ಟಣ ಎರಡು. ಉಳಿದದ್ದು ಏಳು ರೂಪಾಯಿ. 'ಯಾರರ ಎಣಿಸಿ ನೋಡ್ರಿ' ಅಂತ ಚಿಲ್ಲರೆಯನ್ನು ನನ್ನ ಕೈಗೆ ಕೊಟ್ಟರು.